ಬೈಕ್ ಅಪಘಾತದಲ್ಲಿ ಗಾಯಗೊಂಡವರಿಗೆ ಪರಿಹಾರ: ಆಸ್ಪತ್ರೆಯ ಚೀಟಿಯಿಂದ ನ್ಯಾಯಮಂಡಳಿಯ ತೀರ್ಪಿನವರೆಗೆ

ಪರಿಹಾರದ ಮೊತ್ತ ವಕೀಲರ ವಾದದ ಮೇಲೆ ನಿಂತಿದೆ ಎಂದು ನಾವೆಲ್ಲ ನಂಬಿದ್ದೇವೆ. ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯ ತೀರ್ಪುಗಳನ್ನು ಓದುತ್ತಾ ಹೋದರೆ ಬೇರೆಯದೇ ಕಾಣುತ್ತದೆ. ಅಪಘಾತವಾದ ಮೊದಲ ಕೆಲವು ವಾರಗಳಲ್ಲಿ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಪೊಲೀಸ್ ಠಾಣೆಯಲ್ಲಿ, ಔಷಧಿ ಅಂಗಡಿಯಲ್ಲಿ ಹುಟ್ಟಿದ ಕಾಗದಗಳೇ ಅರ್ಧಕ್ಕಿಂತ ಹೆಚ್ಚು ಪ್ರಕರಣವನ್ನು ತೀರ್ಮಾನಿಸಿರುತ್ತವೆ. ಆ ಹೊತ್ತಿನಲ್ಲಿ ಗಾಯಾಳು ಹಾಸಿಗೆಯಲ್ಲಿರುತ್ತಾನೆ, ಮನೆಯವರು ರಕ್ತ ಹೊಂದಿಸುವ ಓಡಾಟದಲ್ಲಿರುತ್ತಾರೆ. ಹಾಗಾಗಿ ಇದನ್ನು ಗಾಯಾಳುವಿಗಿಂತ ಹೆಚ್ಚಾಗಿ ಅವನ ಪಕ್ಕದಲ್ಲಿ ನಿಂತಿರುವ ಅಣ್ಣ, ಹೆಂಡತಿ, ಗೆಳೆಯ ಓದಿಕೊಳ್ಳಬೇಕು. ಇಲ್ಲಿ ಹೇಳಿರುವುದು 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರದ ಸ್ಥಿತಿ. ಪರಿಹಾರಕ್ಕೆ ಸಂಬಂಧಿಸಿದ ಭಾಗಗಳು ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು.

ಮೊದಲ ದಿನ: ಚಿಕಿತ್ಸೆ, ಮತ್ತು ಆಸ್ಪತ್ರೆಯಲ್ಲಿ ಬರೆಸುವ ಒಂದು ಸಾಲು

112ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ನೆರವೂ ಸಿಗುತ್ತದೆ, ಪೊಲೀಸರಿಗೆ ಮಾಹಿತಿ ಹೋದ ದಾಖಲೆಯೂ ಉಳಿಯುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ, ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ದೊರೆಯಬೇಕು. ತಪ್ಪು ಯಾರದು ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಗಾಯಾಳುವಿನ ಸ್ಥಿತಿಯನ್ನು ಸ್ಥಿರಗೊಳಿಸುವಷ್ಟು ಚಿಕಿತ್ಸೆಯನ್ನು ಮಾತ್ರ ಈ ಯೋಜನೆಯಲ್ಲಿ ಕೊಡುತ್ತದೆ. ದಾಖಲಾಗುವಾಗಲೇ ಯೋಜನೆಯ ಹೆಸರು ಹೇಳಿ ಕೇಳಿ. ತಾವಾಗಿಯೇ ಹೇಳುವವರು ಕಡಿಮೆ.

ಇನ್ನು ಆ ಒಂದು ಸಾಲಿನ ಮಾತು. ತುರ್ತು ವಿಭಾಗದ ವೈದ್ಯರು 'ಏನಾಯಿತು?' ಎಂದು ಕೇಳಿ, ಕೇಳಿಸಿಕೊಂಡದ್ದನ್ನು ಎಂಎಲ್‌ಸಿ ಪುಸ್ತಕದಲ್ಲಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳ ದಾಖಲೆಯಲ್ಲಿ, ಬರೆಯುತ್ತಾರೆ. ಜತೆಗೆ ಬಂದವರು ಗಾಬರಿಯಲ್ಲಿ 'ಬೈಕ್‌ನಿಂದ ಬಿದ್ದ' ಎನ್ನುತ್ತಾರೆ. ಅದು ಸುಳ್ಳೇನಲ್ಲ, ಬಿದ್ದದ್ದು ಬೈಕ್‌ನಿಂದಲೇ. ಆದರೆ ಹಿಂದಿನಿಂದ ಕಾರು ಗುದ್ದಿದ್ದರಿಂದ ಬಿದ್ದ ಎಂಬ ಅರ್ಧ ಆ ವಾಕ್ಯದಲ್ಲಿಲ್ಲ. ವೈದ್ಯರು 'ತಾನಾಗಿ ಬಿದ್ದು ಗಾಯ' ಎಂದು ದಾಖಲಿಸಿದರೆ, ಎಷ್ಟೋ ಕಾಲದ ನಂತರ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಎತ್ತಿ ಹಿಡಿಯುವ ಮೊದಲ ಕಾಗದ ಅದೇ ಆಗಿರುತ್ತದೆ. ಬೇರೆ ವಾಹನ ಇರಲೇ ಇಲ್ಲ, ಆಮೇಲೆ ಯಾರದೋ ಕಾರನ್ನು ಹುಡುಕಿ ತಂದು ಸೇರಿಸಿದ್ದಾರೆ ಎಂಬ ವಾದಕ್ಕೆ ಅದೇ ಆಧಾರ. ಆದ್ದರಿಂದ ಮೊದಲ ಆಸ್ಪತ್ರೆಯಲ್ಲೇ ಯಾವ ವಾಹನ, ಯಾವ ಕಡೆಯಿಂದ, ಎಲ್ಲಿ, ಎಷ್ಟು ಹೊತ್ತಿಗೆ ಗುದ್ದಿತು ಎಂದು ಬಿಡಿಸಿ ಹೇಳಿ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಅದನ್ನೂ ಬರೆಸಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೆ ಅಲ್ಲಿಯೂ ಅದೇ ವಿವರ ದಾಖಲಾಗಿದೆಯೇ ನೋಡಿಕೊಳ್ಳಿ. ಬೈಕ್ ಓಡಿಸುತ್ತಿದ್ದವರು ಯಾರು, ಹಿಂದೆ ಕುಳಿತವರು ಯಾರು ಎಂಬುದನ್ನೂ ಇದ್ದಂತೆಯೇ ಹೇಳಿ. ಸವಾರನಿಗೆ ಲೈಸೆನ್ಸ್ ಇಲ್ಲವೆಂದು, ಲೈಸೆನ್ಸ್ ಇರುವ ಅಣ್ಣನ ಹೆಸರನ್ನು ಮುಂದಿಡುವ ಜಾಣತನ ಇಡೀ ಪ್ರಕರಣವನ್ನೇ ಕೆಡಿಸುತ್ತದೆ. ಅದರ ಅಗತ್ಯವೂ ಇಲ್ಲ: ಎದುರಿನ ವಾಹನದ ತಪ್ಪಿನಿಂದ ಗಾಯಗೊಂಡ ಸವಾರನ ಬಳಿ ಲೈಸೆನ್ಸ್ ಇರಲಿಲ್ಲ ಎಂಬುದಷ್ಟರಿಂದಲೇ ಅವನದೂ ನಿರ್ಲಕ್ಷ್ಯವಿತ್ತು ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಠಾಣೆ: ರಾಜಿಯ ಆಮಿಷ ಮತ್ತು ಎಫ್‌ಐಆರ್

ರಸ್ತೆಯ ಬದಿಯಲ್ಲೇ ಕಾರಿನವರು ಐದೋ ಹತ್ತೋ ಸಾವಿರ ಕೈಗಿಟ್ಟು, 'ಠಾಣೆಗೆ ಯಾಕೆ ಅಲೆಯುತ್ತೀರಿ' ಎನ್ನುವುದು ನಮ್ಮಲ್ಲಿ ಮಾಮೂಲು. ತರಚು ಗಾಯವಾದರೆ ಒಪ್ಪಿಕೊಳ್ಳುವುದು ನಿಮ್ಮ ಇಷ್ಟ. ಆದರೆ ಮೂಳೆ ಮುರಿದಿದೆಯೋ ಇಲ್ಲವೋ ಎಂಬುದು ಎಕ್ಸ್‌ರೇ ಆಗುವ ತನಕ ಯಾರಿಗೂ ತಿಳಿಯುವುದಿಲ್ಲ, ಮೊಣಕಾಲಿನ ಒಳಗೆ ಸ್ನಾಯುಬಂಧ ಹರಿದದ್ದು ಎಷ್ಟೋ ಸಲ ವಾರ ಕಳೆದ ಮೇಲೆ ಗೊತ್ತಾಗುತ್ತದೆ. 'ಯಾವ ದೂರೂ ಇಲ್ಲ' ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಡಿ. ಗುದ್ದಿದ ವಾಹನಕ್ಕೆ ವಿಮೆ ಇದ್ದರೆ ನಿಮಗೆ ಹಣ ಕೊಡುವುದು ವಿಮಾ ಕಂಪನಿ, ಆ ಚಾಲಕನಲ್ಲ. ಅವನ ಮೇಲಿನ ಕನಿಕರದಿಂದ ದೂರು ಬಿಟ್ಟರೆ ಉಳಿತಾಯವಾಗುವುದು ಕಂಪನಿಗೆ.

ಗಾಯಾಳುವೇ ಬಂದು ದೂರು ಕೊಡಬೇಕೆಂಬ ನಿಯಮವಿಲ್ಲ. ಸಂಬಂಧಿಕರು, ಕಂಡವರು ಯಾರು ಬೇಕಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. 2024ರ ಜುಲೈ 1ರ ನಂತರದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಂಗಳು ಇರುತ್ತವೆ. ಮೂಳೆ ಮುರಿದಿದ್ದರೆ ತೀವ್ರ ಗಾಯಕ್ಕೆ ಅನ್ವಯಿಸುವ 125(ಬಿ) ಬಂದಿದೆಯೇ ನೋಡಿ. ದೂರು ಒಂದೆರಡು ದಿನ ತಡವಾದರೆ ಅದಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿರಿ. ಚಿಕಿತ್ಸೆಯ ಗಡಿಬಿಡಿಯಲ್ಲಾದ ತಡವೊಂದೇ ಪ್ರಕರಣವನ್ನು ಕೊಲ್ಲುವುದಿಲ್ಲ, ವಿವರಣೆಯಿಲ್ಲದ ತಡ ಅನುಮಾನ ಹುಟ್ಟಿಸುತ್ತದೆ.

ಆಮೇಲೆ ಠಾಣೆಯಿಂದ ಪಡೆಯಬೇಕಾದವು: ಸ್ಥಳ ಮಹಜರು, ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ಕೊನೆಗೆ ದೋಷಾರೋಪಣ ಪಟ್ಟಿ. ಇವುಗಳಲ್ಲಿ ನಕ್ಷೆಯನ್ನು ಜನ ಹಗುರವಾಗಿ ಕಾಣುತ್ತಾರೆ. ಗುದ್ದಿದ ಜಾಗ ರಸ್ತೆಯ ಎಡಕ್ಕಿದೆಯೋ ನಡುವಿಗಿದೆಯೋ ಎಂಬ ಆ ಒಂದು ಗುರುತಿನ ಮೇಲೆ, ಸವಾರನ ಪಾಲು ತಪ್ಪು ಎಷ್ಟು ಎಂಬ ಲೆಕ್ಕ ನಿಲ್ಲಬಹುದು. ಸ್ಥಳದ ಫೋಟೊಗಳನ್ನು ಅದೇ ದಿನ ಯಾರಿಂದಾದರೂ ತೆಗೆಸಿಡಿ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುವುದರಿಂದ, ಅದನ್ನು ವಶಪಡಿಸಿಕೊಳ್ಳಲು ತನಿಖಾಧಿಕಾರಿಗೆ ಲಿಖಿತವಾಗಿ ಕೋರಿ. ತಪಾಸಣೆ ಮುಗಿಯುವ ಮೊದಲು ಬೈಕನ್ನು ರಿಪೇರಿಗೆ ಬಿಡಬೇಡಿ.

ಪೊಲೀಸರಿಗೂ ಗಡುವುಗಳಿವೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. 2022ರ ಕೇಂದ್ರ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿ, 50 ದಿನಗಳೊಳಗೆ ಮಧ್ಯಂತರ ವರದಿ, 90 ದಿನಗಳೊಳಗೆ ವಿವರವಾದ ಅಪಘಾತ ವರದಿ ನ್ಯಾಯಮಂಡಳಿ ಸೇರಬೇಕು. ಗಾಯಾಳುವಿನ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು ತನಿಖಾಧಿಕಾರಿ 10 ದಿನಗಳೊಳಗೆ ನಿಮಗೆ ಕೊಡಬೇಕು. ನೀವು ನಿಮ್ಮ ಆದಾಯ, ಚಿಕಿತ್ಸೆಯ ವಿವರಗಳ ನಮೂನೆಯನ್ನು 60 ದಿನಗಳೊಳಗೆ ತುಂಬಿ ಕೊಡಬೇಕು. ಇವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಠಾಣೆಯಲ್ಲಿ ಕೇಳುವಾಗ ಈ ವರದಿಗಳ ಹೆಸರು ಹಿಡಿದು ಕೇಳಿ, ಉತ್ತರದ ಧಾಟಿಯೇ ಬದಲಾಗುತ್ತದೆ.

ಯಾರಿಂದ ಪರಿಹಾರ? ನಿಮ್ಮದು ಯಾವ ಬಗೆಯ ಅಪಘಾತ ಎಂದು ನೋಡಿ

ಬೇರೆ ವಾಹನದ ತಪ್ಪಿನಿಂದ ಗಾಯವಾಗಿದ್ದರೆ ಆ ವಾಹನದ ಮಾಲೀಕ ಮತ್ತು ವಿಮಾ ಕಂಪನಿಯ ಮೇಲೆ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಅರ್ಜಿ. ನೋಂದಣಿ ಸಂಖ್ಯೆಯಿದ್ದರೆ ಪರಿವಾಹನ್ ತಾಣದಲ್ಲಿ ವಿಮೆಯ ವಿವರ ಸಿಗುತ್ತದೆ. ಕೆಎಸ್‌ಆರ್‌ಟಿಸಿಯಂಥ ನಿಗಮದ ಬಸ್ ಆದರೆ ಹೊರಗಿನ ವಿಮಾ ಕಂಪನಿ ಇರುವುದಿಲ್ಲ, ನಿಗಮದ ಆಂತರಿಕ ವಿಮಾ ನಿಧಿಯೇ ಕೊಡಬೇಕು. ಗುದ್ದಿದ ಚಾಲಕನಿಗೆ ಲೈಸೆನ್ಸ್ ಇರದಿದ್ದರೆ ಹೆದರಬೇಡಿ. ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ತತ್ವವನ್ನು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಎತ್ತಿಹಿಡಿದಿದೆ. ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ ಮಾತ್ರ ಕಷ್ಟ. ತೀರ್ಪು ನಿಮ್ಮ ಪರವಾದರೂ ಮಾಲೀಕನ ಆಸ್ತಿಯ ಬೆನ್ನು ಹತ್ತಬೇಕು.

ಹಿಂಬದಿ ಸವಾರರ ಸ್ಥಿತಿ ಸ್ವಲ್ಪ ಬೇರೆ. ಎರಡು ವಾಹನಗಳ ತಪ್ಪೂ ಇದ್ದರೆ ಅವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಎಂಬುದು 2015ರ ಸುಪ್ರೀಂ ಕೋರ್ಟ್ ತೀರ್ಪು. ತಾವು ಕುಳಿತ ಬೈಕ್‌ನ ಸವಾರನದೇ ತಪ್ಪಾದರೆ, ಆ ಬೈಕ್‌ಗೆ ಬರೀ ಮೂರನೇ ವ್ಯಕ್ತಿ ವಿಮೆ ಇದೆಯೋ ಸಮಗ್ರ ಪಾಲಿಸಿ ಇದೆಯೋ ನೋಡಬೇಕು. ಸಮಗ್ರ ಪಾಲಿಸಿ ಹಿಂಬದಿ ಸವಾರರನ್ನು ಒಳಗೊಳ್ಳುತ್ತದೆ, ಬರೀ ಕಾನೂನಿನ ಕಡ್ಡಾಯಕ್ಕೆ ಮಾಡಿಸಿದ್ದು ಒಳಗೊಳ್ಳುವುದಿಲ್ಲ. ಕೆಲವು ನೂರು ರೂಪಾಯಿ ಉಳಿಸಿದ ಆಯ್ಕೆಯ ಬೆಲೆಯನ್ನು ಇಲ್ಲಿ ಹೆಂಡತಿಯೋ ಮಗಳೋ ತೆರುತ್ತಾರೆ.

ಯಾವ ವಾಹನವೂ ಗುದ್ದದೆ ತಾನೇ ಜಾರಿ ಬಿದ್ದಿದ್ದರೆ ನ್ಯಾಯಮಂಡಳಿಯಲ್ಲಿ ಹೆಚ್ಚೇನೂ ಸಿಗದು. ಬೈಕ್ ಎರವಲು ತಂದವನೂ ಕಾನೂನಿನ ಕಣ್ಣಿಗೆ ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ. ಇಳಕಲ್ ಕಡೆಯ ರಸ್ತೆಯಲ್ಲಿ, ಕೇಳಿ ತಂದ ಬೈಕ್ ಮುಂದಿದ್ದ ಎತ್ತಿನ ಗಾಡಿಗೆ ಬಡಿದು ಸವಾರ ತೀರಿಕೊಂಡ ಪ್ರಕರಣದಲ್ಲಿ, ತಪ್ಪು ಸಾಬೀತುಪಡಿಸದೆಯೇ ಪರಿಹಾರ ಕೇಳುವ ಆಗಿನ ದಾರಿ ಮುಚ್ಚಿದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಇಂಥವರಿಗೆ ಉಳಿಯುವುದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. 2018ರಿಂದ ಇದರ ಮೊತ್ತ 15 ಲಕ್ಷ ರೂಪಾಯಿ. ಸಾವು, ಎರಡು ಕೈಕಾಲು ಅಥವಾ ಎರಡೂ ಕಣ್ಣು ಹೋದರೆ ಪೂರ್ತಿ, ಒಂದು ಹೋದರೆ ಅರ್ಧ. ಮೂಳೆ ಮುರಿದು ವಾಸಿಯಾದರೆ ಏನೂ ಇಲ್ಲ. ಬೈಕ್ ನಿಮ್ಮ ಹೆಸರಿನಲ್ಲಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 2022ರ ಯೋಜನೆಯಡಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ. ಇದಕ್ಕೆ ನ್ಯಾಯಮಂಡಳಿಗೆ ಹೋಗಬೇಕಿಲ್ಲ. ಅರ್ಜಿಯನ್ನು ತಾಲ್ಲೂಕು ಅಥವಾ ಉಪವಿಭಾಗ ಮಟ್ಟದ ವಿಚಾರಣಾಧಿಕಾರಿಗೆ ಕೊಡಬೇಕು, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಮೊತ್ತ ಸಣ್ಣದು, ನಿಜ. ಆದರೂ ಅರ್ಹರಲ್ಲಿ ಬಹಳ ಮಂದಿ ಕೇಳುವುದೇ ಇಲ್ಲ.

ಕೆಲಸದ ಮೇಲೆ ಹೋಗುವಾಗ ಗಾಯಗೊಂಡ ಡೆಲಿವರಿ ಹುಡುಗರಂಥವರಿಗೆ ನೌಕರರ ಪರಿಹಾರ ಕಾಯ್ದೆಯ (2025ರ ನವೆಂಬರ್‌ನಿಂದ ಅದರ ಜಾಗದಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯ) ದಾರಿಯೂ ತೆರೆದಿರಬಹುದು. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕು, 167ನೇ ಕಲಂ ಎರಡು ಕಡೆ ಪಡೆಯಲು ಬಿಡುವುದಿಲ್ಲ.

ಎರಡೂವರೆ ಲಕ್ಷದ ಬಲೆ

164ನೇ ಕಲಂ ಪ್ರಕಾರ ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿಯನ್ನು ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಕೇಳಬಹುದು. ಮೂಳೆ ಮುರಿತ, ಹಲ್ಲು ಮುರಿತ, 15 ದಿನ ದೈನಂದಿನ ಕೆಲಸ ಮಾಡಲಾಗದಂಥ ನೋವು ಇವೆಲ್ಲ ನ್ಯಾಯ ಸಂಹಿತೆಯ ತೀವ್ರ ಗಾಯದ ಪಟ್ಟಿಯಲ್ಲಿವೆ. ಬೇಗ ಸಿಗುವ ಹಣ ಎಂಬುದು ಇದರ ಆಕರ್ಷಣೆ. ಆದರೆ 149ನೇ ಕಲಂನ ರಾಜಿ ವಿಧಾನದಲ್ಲಿ ಈ ಹಣವನ್ನು ಒಪ್ಪಿಕೊಂಡರೆ 166ರ ಅಡಿಯ ನಿಮ್ಮ ಅರ್ಜಿ ಅಲ್ಲಿಗೇ ಮುಗಿಯುತ್ತದೆ ಎಂದು ಕಾಯ್ದೆಯೇ ಹೇಳುತ್ತದೆ. ಸಣ್ಣ ಮುರಿತ, ಪೂರ್ತಿ ವಾಸಿ, ಸಾಕ್ಷ್ಯ ದುರ್ಬಲ ಎಂದಾದರೆ ಒಪ್ಪುವುದು ಬುದ್ಧಿವಂತಿಕೆ. ಕಾಲಿಗೆ ರಾಡ್ ಹಾಕಿಸಿಕೊಂಡ ಮೂವತ್ತರ ಯುವಕ ಒಪ್ಪಿದರೆ ಎಷ್ಟು ಕಳೆದುಕೊಳ್ಳುತ್ತಾನೆ ಎಂಬುದು ಮುಂದಿನ ಲೆಕ್ಕದಲ್ಲಿ ಕಾಣುತ್ತದೆ.

ಮೊತ್ತ ಹೇಗೆ ಹುಟ್ಟುತ್ತದೆ

ಚಿಕಿತ್ಸೆ, ಔಷಧಿ, ಓಡಾಟ, ಪೌಷ್ಟಿಕ ಆಹಾರ, ಆರೈಕೆಯವರ ಖರ್ಚು ಒಂದು ಕಡೆ. ಮಲಗಿದ್ದ ತಿಂಗಳುಗಳ ಆದಾಯ ಇನ್ನೊಂದು ಕಡೆ. ರಾಡ್ ತೆಗೆಸುವಂಥ ಮುಂದಿನ ಶಸ್ತ್ರಚಿಕಿತ್ಸೆಗೂ ಕೇಳಬಹುದು. ನೋವು, ಬದುಕಿನ ಸುಖಗಳ ನಷ್ಟಕ್ಕೂ ಪ್ರತ್ಯೇಕ ಮೊತ್ತವಿದೆ. ಇವೆಲ್ಲಕ್ಕಿಂತ ದೊಡ್ಡದು ಶಾಶ್ವತ ಅಂಗವೈಕಲ್ಯದಿಂದ ಕುಗ್ಗಿದ ದುಡಿಮೆಯ ಲೆಕ್ಕ.

28 ವರ್ಷದ ವೆಲ್ಡರ್ ಒಬ್ಬನ ಆದಾಯ ತಿಂಗಳಿಗೆ 16,000 ಎಂದಿಟ್ಟುಕೊಳ್ಳಿ. ಸ್ವಂತ ದುಡಿಮೆಯ, 40 ವರ್ಷದೊಳಗಿನವರಿಗೆ ಭವಿಷ್ಯದ ಏರಿಕೆಯೆಂದು ಶೇ 40 ಸೇರಿಸಬೇಕು ಎಂಬುದು 2017ರ ಸಂವಿಧಾನ ಪೀಠದ ತೀರ್ಪು, ಅಲ್ಲಿಗೆ 22,400. ವರ್ಷಕ್ಕೆ 2,68,800. 26ರಿಂದ 30 ವಯಸ್ಸಿಗೆ 2009ರ ತೀರ್ಪು ಕೊಟ್ಟ ಗುಣಕ 17, ಗುಣಿಸಿದರೆ 45,69,600. ಅವನ ದುಡಿಮೆಯ ಶಕ್ತಿ ಶೇ 20 ಕುಗ್ಗಿದೆ ಎಂದಾದರೆ 9,13,920 ರೂಪಾಯಿ, ಶೇ 10 ಎಂದಾದರೆ ಅದರ ಅರ್ಧ. ಒಂದೊಂದು ಪ್ರತಿಶತವೂ ಇಲ್ಲಿ 45 ಸಾವಿರಕ್ಕೂ ಹೆಚ್ಚು. ಗಾಯದ ಪ್ರಕರಣದಲ್ಲಿ ಭವಿಷ್ಯದ ಏರಿಕೆ ಕೊಡಲಾಗದು ಎಂದು ಎದುರು ಪಕ್ಷ ವಾದಿಸಿದರೆ, ಕೊಡಬೇಕೆಂದ 2020ರ ಸುಪ್ರೀಂ ಕೋರ್ಟ್ ತೀರ್ಪನ್ನು ನಿಮ್ಮ ವಕೀಲರು ತೋರಿಸಬೇಕು.

ಆದ್ದರಿಂದ ನಿಜವಾದ ಜಗಳ ಪ್ರತಿಶತದ ಮೇಲೆ. ವೈದ್ಯರು 'ಎಡಗಾಲಿಗೆ ಶೇ 45' ಎಂದರೆ ನ್ಯಾಯಮಂಡಳಿ ಅದನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಅದರ ಮೂರನೇ ಒಂದು ಭಾಗವನ್ನು ಇಡೀ ದೇಹದ ಅಂಗವೈಕಲ್ಯವೆಂದು ಹಿಡಿಯುವ ರೂಢಿ ನಮ್ಮಲ್ಲಿದೆ. ಆದರೆ ಇದು ರೂಢಿಯೇ ಹೊರತು ಕಾನೂನಲ್ಲ. ಸುಪ್ರೀಂ ಕೋರ್ಟ್ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಬೇರೆ: ಆ ಗಾಯದಿಂದ ಆ ವ್ಯಕ್ತಿಯ ಆ ಕೆಲಸಕ್ಕೆ ಏನಾಯಿತು ಎಂದು ನೋಡಬೇಕು. ಕೈ ಕಳೆದುಕೊಂಡ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಅದೇ ಗಾಯವಾದ ಗುಮಾಸ್ತನ ನೌಕರಿ ಉಳಿಯಬಹುದು. ಮೊಣಕಾಲು ಮಡಚಲಾಗದ ವೆಲ್ಡರ್ ಕುಕ್ಕರಗಾಲಿನಲ್ಲಿ ಕುಳಿತು ಬೆಸುಗೆ ಹಾಕಲಾರ, ಏಣಿ ಹತ್ತಲಾರ. ಇದನ್ನು ಸಾಕ್ಷ್ಯದಲ್ಲಿ ಅವನೇ ಹೇಳಬೇಕು, ವೈದ್ಯರ ಬಾಯಲ್ಲೂ ಬರಬೇಕು, ಸಾಧ್ಯವಾದರೆ ಕೆಲಸ ಕೊಟ್ಟವರೂ ಬಂದು ಹೇಳಬೇಕು. ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಲು ಪ್ರಯತ್ನಿಸಿ. ಪ್ರಮಾಣಪತ್ರ ಕೊಡಲೆಂದೇ ಒಮ್ಮೆ ನೋಡಿದ ವೈದ್ಯರ ಮಾತಿಗೆ ತೂಕ ಕಡಿಮೆ.

ಕಾಗದಗಳ ಬಗ್ಗೆ ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಯ ನಂತರ ನಾಟಿ ವೈದ್ಯರ ಬಳಿ ಕಟ್ಟು ಹಾಕಿಸಲು ಹೋಗುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದರ ಗುಣಾವಗುಣ ಇಲ್ಲಿ ಬೇಡ. ಅಲ್ಲಿ ರಸೀದಿಯಿಲ್ಲ, ಹೊರರೋಗಿ ಚೀಟಿಯಿಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ನೀವು ವಾಸಿಯಾಗಿದ್ದಿರಿ ಎಂದು ಎದುರು ಪಕ್ಷ ಹೇಳುತ್ತದೆ. ಹೋಗುವುದಾದರೂ ಆಸ್ಪತ್ರೆಯ ಮರುಭೇಟಿ ತಪ್ಪಿಸಬೇಡಿ. ಬಿಲ್‌ಗಳ ಮೂಲಪ್ರತಿ, ಎಕ್ಸ್‌ರೇ ಫಿಲ್ಮ್, ಡಿಸ್ಚಾರ್ಜ್ ಸಾರಾಂಶ ಒಂದೇ ಫೈಲಿನಲ್ಲಿರಲಿ. ಉಷ್ಣಕಾಗದದ ಬಿಲ್‌ಗಳ ಅಕ್ಷರ ಅಳಿಸುತ್ತದೆ, ಬಂದ ದಿನವೇ ನಕಲು ತೆಗೆಸಿ.

ಆದಾಯಕ್ಕೆ ಸಂಬಳದ ಚೀಟಿ, ತೆರಿಗೆ ವಿವರಣೆ ಇದ್ದರೆ ಸರಿ. ಕೂಲಿ, ಗಾರೆ, ಗ್ಯಾರೇಜ್ ಕೆಲಸದವರು ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮಾ ವಿವರ ಕೊಡಬಹುದು. ಏನೂ ಇಲ್ಲದಿದ್ದರೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಾಗಿ ಮಾಡಿರುವ ವರ್ಷವಾರು ಕಾಲ್ಪನಿಕ ಆದಾಯದ ಕೋಷ್ಟಕವನ್ನು ನ್ಯಾಯಾಲಯಗಳು ಬಳಸುತ್ತವೆ.

ಅರ್ಜಿ: ಎಲ್ಲಿ, ಎಂದು

ಅಪಘಾತವಾದ ಜಾಗ, ನೀವು ವಾಸಿಸುವ ಊರು, ಎದುರು ಪಕ್ಷದವರು ಇರುವ ಊರು, ಇವುಗಳಲ್ಲಿ ಯಾವುದಾದರೂ ಒಂದರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಸೊಲ್ಲಾಪುರದಲ್ಲಿ ಗುದ್ದಿಸಿಕೊಂಡ ಕಲಬುರಗಿಯವರು ಕಲಬುರಗಿಯಲ್ಲೇ ಹಾಕಲಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೆಲಸ ನೋಡುತ್ತದೆ.

ಗಡುವು ಅಪಘಾತದ ದಿನದಿಂದ ಆರು ತಿಂಗಳು. ಈ ಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದು ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಗಿದೆ. ಪೊಲೀಸರ ವಿವರವಾದ ವರದಿಯನ್ನೇ ಅರ್ಜಿಯೆಂದು ಪರಿಗಣಿಸುವ ಅವಕಾಶವೂ ಇದೆ. ಇವೆರಡನ್ನೂ ನಂಬಿ ಕೂರಬೇಡಿ. ಚಿಕಿತ್ಸೆ ಮುಗಿಯದಿದ್ದರೂ ಅರ್ಜಿ ಹಾಕಿ, ಬಿಲ್‌ಗಳನ್ನು ಆಮೇಲೆ ಸೇರಿಸಬಹುದು.

ಹೆಲ್ಮೆಟ್ ಇರಲಿಲ್ಲ, ಮೂವರು ಕುಳಿತಿದ್ದರು ಎಂಬ ಮಾತು ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ. ಮೂವರು ಕುಳಿತದ್ದು ನಿಯಮಭಂಗವಾದರೂ, ಅಪಘಾತಕ್ಕೋ ಗಾಯ ಹೆಚ್ಚಲಿಕ್ಕೋ ಅದು ಕಾರಣವಾಯಿತೆಂದು ತೋರಿಸದೆ ಪರಿಹಾರ ಕಡಿತ ಮಾಡುವಂತಿಲ್ಲ ಎಂದು 2020ರ ತೀರ್ಪಿದೆ. ಕಾಲು ಮುರಿದವನಿಗೆ ಹೆಲ್ಮೆಟ್ ಪ್ರಶ್ನೆ ಎತ್ತುವುದರಲ್ಲಿ ಹುರುಳಿಲ್ಲ. ತಲೆಗೆ ಪೆಟ್ಟಾಗಿದ್ದರೆ ಮಾತ್ರ ಅದು ನಿಜವಾದ ಪ್ರಶ್ನೆ.

ವಕೀಲರು, ದಲ್ಲಾಳಿಗಳು, ಉಚಿತ ನೆರವು

ಆಸ್ಪತ್ರೆಯ ವಾರ್ಡಿಗೇ ಬಂದು 'ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪಾಲು' ಎನ್ನುವವರನ್ನು ದೂರವಿಡಿ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಖಾಲಿ ಚೆಕ್‌ಗೆ, ಖಾಲಿ ಕಾಗದಕ್ಕೆ ಸಹಿ ಬೇಡ. ಶುಲ್ಕವನ್ನು ಮೊದಲೇ ಮಾತಾಡಿ ಬರೆಸಿಕೊಳ್ಳಿ.

ಕೈಯಲ್ಲಿ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಕಚೇರಿಗೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ವೈದ್ಯರ ಸಾಕ್ಷ್ಯ ಮುಗಿದು ಪ್ರತಿಶತ ದಾಖಲೆಯಲ್ಲಿ ಬಂದ ಮೇಲೆ ಚೌಕಾಸಿಗೆ ಕೂರುವುದು ಒಳ್ಳೆಯದು. ಅದಕ್ಕೆ ಮುಂಚೆ ಕಂಪನಿ ಹೇಳುವ ಮೊತ್ತವನ್ನು ಅಳೆಯಲು ನಿಮ್ಮ ಬಳಿ ಏನೂ ಇರುವುದಿಲ್ಲ.

ತೀರ್ಪಿನ ನಂತರ

ಪರಿಹಾರಕ್ಕೆ ಬಡ್ಡಿಯೂ ಸೇರುತ್ತದೆ, ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನದಿಂದ. ಅರ್ಜಿ ಬೇಗ ಹಾಕಲು ಇದೂ ಒಂದು ಕಾರಣ. ಮೊತ್ತ ಕಡಿಮೆಯಾಯಿತು ಎನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ದಾರಿ ಇಲ್ಲ. ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರವೂ ನ್ಯಾಯಾಲಯಕ್ಕಿದೆ. ನಡುವೆ ಗಾಯಾಳು ಬೇರೆ ಯಾವುದೋ ಕಾರಣಕ್ಕೆ ತೀರಿಕೊಂಡರೂ ವಾರಸುದಾರರು ಪ್ರಕರಣ ಮುಂದುವರಿಸಬಹುದು.

ಹಣವನ್ನು ನೇರವಾಗಿ ಗಾಯಾಳುವಿನ ಬ್ಯಾಂಕ್ ಖಾತೆಗೆ ಜಮಾ ಮಾಡಿಸುವಂತೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿಯ ಜತೆಗೇ ನಿಮ್ಮ ಸ್ವಂತ ಖಾತೆಯ ವಿವರ ಕೊಡಿ. ಒಂದು ಭಾಗವನ್ನು ನ್ಯಾಯಮಂಡಳಿ ನಿಶ್ಚಿತ ಠೇವಣಿಯಲ್ಲಿ ಇರಿಸಬಹುದು. ರಾಡ್ ತೆಗೆಸಲೋ ಮಗಳ ಕಾಲೇಜು ಶುಲ್ಕಕ್ಕೋ ಅದು ಅವಧಿಗೆ ಮೊದಲೇ ಬೇಕಾದರೆ, ಆಸ್ಪತ್ರೆಯ ಅಂದಾಜು ಪತ್ರ ಅಥವಾ ಶುಲ್ಕದ ಚೀಟಿ ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಬಿಡುಗಡೆ ಅರ್ಜಿ ಹಾಕಬಹುದು.